ಐದು ನಿಮಿಷಕ್ಕೆ ಅಂತ ಕೊಟ್ಟ 777

ಮೇ 20, ಜಿಎಸ್‌ಟಿಆರ್-3ಬಿ (ತಿಂಗಳ ಜಿಎಸ್‌ಟಿ ರಿಟರ್ನ್) ಹಾಕಲು ಕೊನೆಯ ದಿನ. ಸಂಜೆ ಐದೂಮುಕ್ಕಾಲಿಗೆ ಅಕೌಂಟ್ಸ್‌ನಿಂದ ಫೋನ್ ಬಂತು. "ಸಾರ್, ಐಟಿಸಿ ಶೀಟ್ ರೀಡ್ ಓನ್ಲಿ ಅಂತಿದೆ, ಸೇವ್ ಆಗ್ತಿಲ್ಲ." ಐಟಿಸಿ ಅಂದರೆ ಖರೀದಿಗೆ ಕಟ್ಟಿದ ಜಿಎಸ್‌ಟಿಯ ಕ್ರೆಡಿಟ್.

ನಮ್ಮದು ಪೀಣ್ಯದ ಫ್ಯಾಕ್ಟರಿ. ಸರ್ವರ್ ಉಬುಂಟು (ಲಿನಕ್ಸ್), ಅದರ ಮೇಲೆ ಫೋಲ್ಡರನ್ನು ವಿಂಡೋಸ್‌ಗೆ ಹಂಚುವ ಸಾಂಬಾ (ಹಾಗೆ ಹಂಚಿದ ಫೋಲ್ಡರೇ ಶೇರ್), ಎಲ್ಲರ ಟೇಬಲ್ ಮೇಲೂ ವಿಂಡೋಸ್. ನಾನು ಆ ಒಂದು ಫೈಲಿಗೆ ಗ್ರೂಪ್ (ಅದನ್ನು ಬಳಸುವ ಯೂಸರ್‌ಗಳ ಗುಂಪು) ಬದಲಿಸಿ ಕೊಟ್ಟೆ. ಹತ್ತು ನಿಮಿಷಕ್ಕೆ ಮತ್ತೆ ಅದೇ ಫೋನ್. ಮ್ಯಾನೇಜರ್ ಬಂದು ನನ್ನ ಕುರ್ಚಿ ಹಿಂದೆ ನಿಂತರು. "ಕಾರಣ ನಾಳೆ ಹುಡುಕಿ, ಈಗ ಓಪನ್ ಮಾಡಿಕೊಡಿ" ಎಂದರು. ಸರ್ವರ್ ಸರಿಮಾಡಲು ಒಂದು ಭಾನುವಾರ ಕೊಡಿ ಎಂದು ಜನವರಿಯಿಂದ ಕೇಳ್ತಾ ಇದ್ದೆ, ಸಿಕ್ಕಿರಲಿಲ್ಲ. ಆದರೆ ಮುಂದೆ ಮಾಡಿದ್ದು ನಾನೇ. ಐದು ನಿಮಿಷಕ್ಕೆ ತಾನೆ ಅಂತ, ಒಳಗಿನ ಎಲ್ಲ ಫೈಲಿಗೂ ಎಲ್ಲರಿಗೂ ಪೂರ್ತಿ ಪರ್ಮಿಷನ್ ಕೊಡುವ ಕಮಾಂಡ್, ಸಿಎಚ್‌ಮೋಡ್ ಮೈನಸ್ ಆರ್ 777 ಹೊಡೆದೆ. ಅದೂ ಅಕೌಂಟ್ಸ್ ಫೋಲ್ಡರಿಗಲ್ಲ, ಇಡೀ ಶೇರ್‌ಗೆ.

ಅಕೌಂಟ್ಸ್‌ನವರು ಥ್ಯಾಂಕ್ಸ್ ಹೇಳಿ ರಿಟರ್ನ್ ಹಾಕಿದರು. ನಾನು ನೀರು ಕುಡಿದು ಬಂದು ಕೂತೆ. ಆಗ ನೆನಪಾಯಿತು, ಎಚ್‌ಆರ್ ಫೋಲ್ಡರ್ ಇರುವುದೂ ಅದೇ ಶೇರ್‌ನಲ್ಲಿ.

ಕಾನ್ಫಿಗ್‌ನಲ್ಲಿ 'ಹೈಡ್ ಅನ್‌ರೀಡಬಲ್' ಹಾಕಿದ್ದೆ. ಓದಲು ಪರ್ಮಿಷನ್ ಇಲ್ಲದ ಫೋಲ್ಡರ್ ಕಣ್ಣಿಗೇ ಬೀಳುವುದಿಲ್ಲ. ಅಂದರೆ 777 ಆದ ಕ್ಷಣ, ಎಂದೂ ನೋಡದ ಫೋಲ್ಡರೊಂದು ಎಲ್ಲರ ಸ್ಕ್ರೀನ್ ಮೇಲೆ ಬಂದಿದೆ. ಯಾರಾದರೂ ಒತ್ತಿ ನೋಡ್ತಾರೆ, ಅಲ್ವಾ? ಎಸ್‌ಎಂಬಿಸ್ಟೇಟಸ್ ಹೊಡೆದೆ, ಯಾರು ಯಾವ ಫೈಲ್ ತೆರೆದಿದ್ದಾರೆ ಅಂತ ತೋರಿಸುವ ಕಮಾಂಡ್. ಸಂಬಳದ ಎಕ್ಸೆಲ್ ಫೈಲ್ ಓಪನ್ ಇತ್ತು, ಸ್ಟೋರ್ಸ್ ಮೇಡಂ ಲಾಗಿನ್‌ನಲ್ಲಿ. ತಕ್ಷಣ ಎಚ್‌ಆರ್ ಫೋಲ್ಡರಿನ ಪರ್ಮಿಷನ್ ಕಿತ್ತೆ. ಮತ್ತೆ ನೋಡಿದರೆ ಫೈಲ್ ಇನ್ನೂ ಓಪನ್ ಇದೆ. ತೆರೆದಿರುವ ಫೈಲನ್ನು ಸಿಎಚ್‌ಮೋಡ್ ಮುಚ್ಚುವುದಿಲ್ಲ.

ಮೆಟ್ಟಿಲಿಳಿದು ಸ್ಟೋರ್ಸ್‌ಗೆ ಓಡಿದೆ. ಮೇಡಂ ಸ್ಕ್ರೀನ್ ನೋಡುತ್ತಾ ಸುಮ್ನೆ ಕೂತಿದ್ದರು. ನಾನು ಕೇಳುವ ಮುಂಚೆಯೇ ಫೈಲ್ ಮುಚ್ಚಿದರು. "ಹೋದ ವರ್ಷ ಸೇರಿದ ಹುಡುಗನಿಗೆ ನನಗಿಂತ ಜಾಸ್ತಿನಾ ಸಾರ್?" ಎಂದರು. ಅವರದು ಅಲ್ಲಿ ಹನ್ನೊಂದು ವರ್ಷ. ನನ್ನ ಬಾಯಿಂದ ಮಾತೇ ಹೊರಡಲಿಲ್ಲ.

ಕಾರಣ ಮರುದಿನ ಅರ್ಧ ಗಂಟೆಯಲ್ಲಿ ಸಿಕ್ಕಿತು. ಎಕ್ಸೆಲ್ ಸೇವ್ ಮಾಡುವಾಗ ಹಳೇ ಫೈಲಿಗೆ ಬರೆಯುವುದಿಲ್ಲ. ಹೊಸ ಫೈಲ್ ಮಾಡಿ ಹಳೇ ಹೆಸರು ಕೊಡುತ್ತದೆ. ಫೋಲ್ಡರಿನ ಮೇಲೆ ಸೆಟ್‌ಜಿಐಡಿ (ಹೊಸ ಫೈಲಿಗೆ ಫೋಲ್ಡರಿನದೇ ಗ್ರೂಪ್ ಕೊಡುವ ಗುರುತು) ಇಲ್ಲದಿದ್ದರೆ ಹೊಸ ಫೈಲ್ ಸೇವ್ ಮಾಡಿದವರ ಸ್ವಂತ ಗ್ರೂಪಿಗೆ ಹೋಗುತ್ತದೆ. ಹೊಸ ಫೈಲಿಗೆ ಸಾಂಬಾ ಕೊಡುವ ಪರ್ಮಿಷನ್ನಿನ ಮಿತಿ, ಅಂದರೆ ಕ್ರಿಯೇಟ್ ಮಾಸ್ಕ್, ಡಿಫಾಲ್ಟ್ 0744, ಹಾಗಾಗಿ ಉಳಿದವರಿಗೆ ಓದಲು ಮಾತ್ರ. ಏಪ್ರಿಲ್‌ನಲ್ಲಿ ಹೊಸ ವರ್ಷದ ಫೋಲ್ಡರನ್ನು ಸರ್ವರ್‌ನಲ್ಲಿರುವ ನನ್ನ ಹೋಮ್ ಫೋಲ್ಡರಿನಲ್ಲಿ ಮಾಡಿ ಶೇರ್‌ಗೆ ಮೂವ್ ಮಾಡಿದ್ದೆ. ಗ್ರೂಪ್ ಬದಲಿಸಿದ್ದೆ, ಜಿ ಪ್ಲಸ್ ಎಸ್ (ಸೆಟ್‌ಜಿಐಡಿ ಹಾಕುವುದು) ಮರೆತಿದ್ದೆ. ಅದನ್ನು ಹಾಕಿ, 'ಇನ್‌ಹೆರಿಟ್ ಪರ್ಮಿಷನ್ಸ್' ಆನ್ ಮಾಡಿದೆ, ಹೊಸ ಫೈಲಿಗೆ ಫೋಲ್ಡರಿನ ಪರ್ಮಿಷನ್ನೇ ಬರಲಿ ಅಂತ. ಆ ಫೋನ್ ಮತ್ತೆ ಬಂದಿಲ್ಲ.

ಈಗ ದಿನಾ ರಾತ್ರಿ ಗೆಟ್‌ಎಫ್‌ಎಸಿಎಲ್ ಡಂಪ್ (ಎಲ್ಲ ಪರ್ಮಿಷನ್‌ಗಳ ಪಟ್ಟಿ) ತೆಗೆದಿಡುತ್ತೇನೆ. ಪರ್ಮಿಷನ್ ಮುಟ್ಟಿದರೆ, ಸಾಮಾನ್ಯ ಯೂಸರ್ ಆಗಿ ವಿಂಡೋಸ್‌ನಿಂದ ಲಾಗಿನ್ ಆಗಿ ಏನೇನು ಕಾಣುತ್ತದೆ ಅಂತ ನೋಡಿಯೇ ಏಳುತ್ತೇನೆ.

ಯಾರು ನೋಡಿದರು ಎಂದು ಎಚ್‌ಆರ್ ಬರಹದಲ್ಲಿ ಕೇಳಿತು. ಹೆಸರು ಕೊಡಲೇಬೇಕಾಯಿತು. ಅದರ ಮೇಲಿನ ಸಾಲಿನಲ್ಲಿ ನಾನು ಹೊಡೆದ ಕಮಾಂಡ್, ಹೊಡೆದ ಸಮಯ ಬರೆದೆ. ತಪ್ಪು ನನ್ನದು, ಮೇಡಂದಲ್ಲ ಅಂತ ಸಹಿ ಹಾಕಿ ಕೊಟ್ಟೆ.