ನೇತಾಡ್ತಿದ್ದ ಆಕ್ಸಲ್‌ಗೆ ಹಿಡಿದ ಅಳತೆ

ಹಂಪ್ ಇಳೀವಾಗ ಗಾಡಿ ಕೆಳಗಿಂದ ಟಣ್ ಅಂತ ಬಂದ ಸದ್ದು ಇನ್ನೂ ಕಿವೀಲಿದೆ. ಒಂದೇ ಸಲ, ಜೋರಾಗೂ ಅಲ್ಲ. ಡ್ರೈವರಣ್ಣ ನನ್ನ ಮುಖ ನೋಡಿದ್ರು. ಹಿಂದೆ ಜಾಕಿ ರಾಡ್ ಇರ್ಬೇಕು ಅಂದೆ. ಜಾಕಿ ರಾಡ್ ಅಲ್ಲ ಅಂತ ಹೇಳ್ತಾ ಇರೋವಾಗ್ಲೇ ನಂಗೆ ಗೊತ್ತಿತ್ತು.

ಲೈಟ್ ಟ್ರಕ್, ಹಳೇ ಮೂರು ಗೇರಿನ ಆಟೊಮ್ಯಾಟಿಕ್ ಇಳಿಸಿ ನಾಲ್ಕು ಗೇರಿನದು ಕೂರಿಸಿದ್ವಿ. ಹೊಸ ಗೇರ್ ಬಾಕ್ಸ್ ಉದ್ದ ಜಾಸ್ತಿ, ಟೇಲ್ ಅಂದ್ರೆ ಅದರ ಹಿಂದಿನ ತುದಿ ಹಿಂದಕ್ಕೆ ಬಂತು, ಬಾಕ್ಸ್ ಹೊರೋ ಅಡ್ಡಪಟ್ಟಿ ಕ್ರಾಸ್ ಮೆಂಬರನ್ನೂ ಹಿಂದಕ್ಕೆ ಹಾಕ್ಬೇಕಾಯ್ತು. ಬಾಕ್ಸಿಂದ ಹಿಂದಿನ ಆಕ್ಸಲ್ ತಿರುಗಿಸೋ ಹಳೇ ಪ್ರೊಪೆಲರ್ ಶಾಫ್ಟ್ ಕೂರಲ್ಲ ಅಂತ ಮೊದಲೇ ಗೊತ್ತಿತ್ತು. ಆ ಶಾಫ್ಟಿನ ಮುಂದಿನ ತುದೀಲಿ, ಬಾಕ್ಸಿನ ಔಟ್‌ಪುಟ್ ಹಲ್ಲಿನ ಮೇಲೆ ಹಿಂದೆ ಮುಂದೆ ಜಾರೋ ಯೋಕೂ ಬೇರೆ, ಹಳೇ ಔಟ್‌ಪುಟ್ 27 ಹಲ್ಲು, ಇದು 32. ಆ ಯೋಕ್ ಹುಡುಕಿ ತರೋದ್ರಲ್ಲೇ ಎರಡು ದಿನ ಹೋಯ್ತು. ಮ್ಯಾನೇಜರ್ ದಿನಕ್ಕೆ ನಾಲ್ಕು ಸಲ ಬಂದು ಗಾಡಿ ನಿಂತಿರೋ ಬೇ ಯಾವಾಗ ಖಾಲಿ ಆಗುತ್ತೆ ಅಂತ ಕೇಳೋರು, ಕೆಲಸ ಎಲ್ಲಿಗೆ ಬಂತು ಅಂತ ಒಂದು ಸಲಾನೂ ಕೇಳ್ಲಿಲ್ಲ.

ಯೋಕ್ ಬಂದ ಮೇಲೆ ಇನ್ನೊಂದು ತಕರಾರು. ಅದಕ್ಕೆ ಕೂರೋದು 1330 ಸೈಜಿನ ಕ್ರಾಸ್ (ಯೂನಿವರ್ಸಲ್ ಜಾಯಿಂಟಿನ ಪ್ಲಸ್ ಆಕಾರದ ತುಂಡು), ಹಿಂದೆ ಆಕ್ಸಲ್ ಒಳಗೆ ಹೋಗೋ ಪಿನಿಯನ್ ಕಡೆ ಇರೋದು 1310. ಎರಡರ ತುದಿಯ ಬೇರಿಂಗ್ ಕಪ್ಪೂ ಒಂದೇ ದಪ್ಪ, 27 ಮಿ.ಮೀ., ಕೈಯಲ್ಲಿ ಹಿಡಿದ್ರೆ ಎರಡೂ ಒಂದೇ ಅನ್ಸುತ್ತೆ. ಅಗಲ ನೋಡಿದ್ರೆ 1310 ಸುಮಾರು 82, 1330 ಸುಮಾರು 92. ವರ್ನಿಯರ್ ಹಾಕಿ ಅದನ್ನ ಹಿಡಿದೆ, ಖುಷಿ ಆಯ್ತು, ಆ ಖುಷೀಲೇ ಟೇಪ್ ತಗೊಂಡು ಗಾಡಿ ಕೆಳಗೆ ನುಗ್ಗಿದೆ.

ಗಾಡಿ ಚಾಸಿ ಮೇಲೆ ಸ್ಟ್ಯಾಂಡ್ ಕೊಟ್ಟು ನಿಂತಿತ್ತು, ಹಿಂದಿನ ಚಕ್ರ ಬಿಚ್ಚಿತ್ತು, ಆಕ್ಸಲ್ ಪಟ್ಟಾಗೆ (ಸ್ಪ್ರಿಂಗ್ ಪಟ್ಟಿಗೆ) ನೇತುಬಿದ್ದು ಕೆಳಗೆ ಇಳಿದಿತ್ತು. ಯೋಕ್ ಪೂರ್ತಿ ಒಳಗೆ ತಳ್ಳಿ ಆಮೇಲೆ ಒಳಗೆ ಜಾರೋಕೆ ಜಾಗ ಇರ್ಲಿ ಅಂತ 25 ಮಿ.ಮೀ. ಈಚೆ ಎಳೆದು, ಟೇಲಿನ ಆಯಿಲ್ ಸೀಲ್ ಅಂಚಿಗೆ ಬಿಳಿ ಪೇಂಟಲ್ಲಿ ಗೆರೆ ಹಾಕಿದೆ. ಆಮೇಲೆ ಮುಂದಿನ ಕ್ರಾಸ್ ಸೆಂಟರ್‌ನಿಂದ ಹಿಂದಿನ ಕ್ರಾಸ್ ಸೆಂಟರ್‌ವರೆಗೆ ಅಳತೆ. ಇದ್ರಲ್ಲಿ ಏನೂ ತಪ್ಪಿಲ್ಲ, ಕ್ರಮ ಅದೇ. ಟೇಪಿನ ಆ ತುದಿ ಹಿಡ್ಕೊಂಡಿದ್ದ ಹುಡುಗ, ಕೆಲಸಕ್ಕೆ ಸೇರಿ ಆರು ತಿಂಗಳಾಗಿರ್ಬಹುದು, ಮೆತ್ತಗೆ ಕೇಳ್ದ: "ಅಣ್ಣಾ, ಆಕ್ಸಲ್ ನೇತಾಡ್ತಿದೆಯಲ್ಲ, ಚಕ್ರ ಹಾಕಿ ಇಳಿಸಿ ಒಂದ್ಸಲ ನೋಡೋಣ್ವಾ?" ನಾನು ಅವನ ಕಡೆ ತಿರುಗ್ಲೂ ಇಲ್ಲ. "ಟೇಪ್ ನೆಟ್ಟಗೆ ಹಿಡ್ಕೊಳೋ" ಅಂದೆ. ಅವನು ನೆಟ್ಟಗೆ ಹಿಡ್ಕೊಂಡ.

ಶಾಫ್ಟ್ ಬ್ಯಾಲೆನ್ಸ್ ಆಗಿ ಬಂತು, ಬೆಣ್ಣೆ ಥರ ಕೂತ್ಕೊಂಡ್ತು, ಪೇಂಟ್ ಗೆರೆ ಸರಿಯಾಗಿ ಸೀಲ್ ಅಂಚಲ್ಲೇ. ಚಕ್ರ ಹಾಕಿ ಇಳಿಸಿದ್ವಿ. ಇಳಿಸಿದ ಮೇಲೆ ಮತ್ತೆ ಕೆಳಗೆ ಹೋಗಿ ಆ ಗೆರೆ ನೋಡೋಕೆ ಎರಡು ನಿಮಿಷ ಸಾಕಿತ್ತು, ನೋಡ್ಲಿಲ್ಲ. ಖಾಲಿ ಗಾಡಿ ಟ್ರಯಲ್ ಹೋಯ್ತು, ವೈಬ್ರೇಶನ್ ಇಲ್ಲ, ಎಲ್ಲಾ ಚೆನ್ನಾಗಿದೆ ಅನ್ಕೊಂಡು ಲೋಡ್ ಹಾಕಿ ಹೊರಟ್ವಿ. ಹಂಪ್ ಬಂತು.

ವಾಪಸ್ ಬಂದು ಕೆಳಗೆ ಬಗ್ಗಿ ನೋಡಿದ್ರೆ ಟೇಲ್ ಸುತ್ತ ಕೆಂಪು ಆಯಿಲ್ ಒದ್ದೆ. ಬಿಳಿ ಗೆರೆ ಕಾಣ್ಲೇ ಇಲ್ಲ, ಸೀಲ್ ಒಳಗೆ ಹೋಗಿತ್ತು. ಲೋಡ್ ಇಳಿಸಿ ಅಳೆದೆ, ಖಾಲಿ ಗಾಡಿ ನೆಲದ ಮೇಲೆ ನಿಂತಾಗ ಯೋಕ್‌ಗೆ ಒಳಗೆ ಹೋಗೋಕೆ ಉಳಿದಿದ್ದ ಜಾಗ 10 ಮಿ.ಮೀ. ಮಾತ್ರ. ಆಕ್ಸಲ್ ಮೇಲೆ ಬಂದಷ್ಟೂ ಆ ಗಾಡೀಲಿ ಶಾಫ್ಟ್ ಮುಂದಕ್ಕೆ ತಳ್ಳುತ್ತೆ, ಲೋಡ್ ಬಿದ್ದಾಗ ಆ ಹತ್ತೂ ಹೆಚ್ಚುಕಮ್ಮಿ ಮುಗೀತು, ಹಂಪಲ್ಲಿ ಯೋಕ್ ಹೋಗಿ ಔಟ್‌ಪುಟ್ ತುದಿಗೆ ಗುದ್ದಿದೆ. ಯೋಕ್ ಒಳಗೆ ಬೆಳ್ಳಗೆ ಹೊಸ ಗಾಯ. ಹೊಸ ಬಾಕ್ಸು, ಇನ್ನೂ ಒಂದು ಟ್ರಿಪ್ ಕೂಡ ಓಡಿಲ್ಲ. ಸೀಲು, ಟೇಲ್ ಬುಶ್ ಎರಡೂ ಹೊಸದು ಹಾಕಿದ್ವಿ. ಬಾಕ್ಸ್ ಒಳಗೆ ಬೇರೇನೂ ಆಗಿರ್ಲಿಲ್ಲ, ಆದ್ರೆ ಅದು ಖಾತ್ರಿ ಆಗೋವರೆಗೆ ನಂಗೆ ಊಟ ಸೇರ್ಲಿಲ್ಲ.

ಎರಡನೇ ಸಲ ಅಳೆದಾಗ ಚಕ್ರ ನೆಲದ ಮೇಲೆ, ಗಾಡಿ ಖಾಲಿ, ಬಾಕ್ಸ್ ಮೌಂಟಿಂಗ್ ಬೋಲ್ಟ್ ಎಲ್ಲಾ ಫುಲ್ ಟೈಟ್. ಮೌಂಟಿಂಗ್ ಸಡಿಲ ಇಟ್ಕೊಂಡು ಅಳೆದ್ರೂ ಇದೇ ಕಥೆ. ಆ್ಯಂಗಲ್ ಕೂಡ ಆಗ್ಲೇ ನೋಡಿದೆ. ನೇತಾಡ್ತಿರೋ ಆಕ್ಸಲ್‌ನಲ್ಲಿ ಪಿನಿಯನ್ ಆ್ಯಂಗಲ್ ನೋಡಿ ಏನೂ ಉಪಯೋಗ ಇಲ್ಲ, ಔಟ್‌ಪುಟ್ಟೂ ಪಿನಿಯನ್ನೂ ಒಂದಕ್ಕೊಂದು ಸಮಾನಾಂತರ ಇರ್ಬೇಕು, ಒಂದು ಡಿಗ್ರಿ ಒಳಗೆ, ಅದೂ ಗಾಡಿ ತನ್ನ ಭಾರದಲ್ಲಿ ನಿಂತಾಗ. ಶಾಫ್ಟ್ 15 ಮಿ.ಮೀ. ಕತ್ತರಿಸಿ, ಎರಡು ಕಡೆ ಯೋಕ್ ಒಂದೇ ಲೈನಲ್ಲಿ ಬರೋ ಹಾಗೆ ವೆಲ್ಡ್ ಮಾಡಿಸಿ, ಮತ್ತೆ ಬ್ಯಾಲೆನ್ಸ್. ವಾಪಸ್ ಹಾಕಿದ ಮೇಲೆ ಬೇಕಂತಲೇ ಆಕ್ಸಲ್ ಇಳಿಬಿಟ್ಟು ನೋಡಿದೆ, ಯೋಕ್ 40 ಈಚೆ ಬಂತು, ಹಲ್ಲು ಇನ್ನೂ ಸಾಕಷ್ಟು ಕಚ್ಚಿಕೊಂಡಿತ್ತು. ಲೋಡ್ ಹಾಕಿ ನೋಡಿದ್ರೆ 16 ಉಳಿದಿತ್ತು.

ಆ ಹುಡುಗನ ಹತ್ರ ಎಲ್ಲರ ಮುಂದೆ ಹೇಳ್ದೆ, ನೀನು ಹೇಳಿದ್ದು ಸರಿ, ನಾನು ಕೇಳ್ಬೇಕಿತ್ತು ಅಂತ. ಅವನಿಗೆ ಮುಜುಗರ ಆಯ್ತು, ಪಾಪ.

ಜಾಬ್ ಕಾರ್ಡಲ್ಲಿ ಶಾಫ್ಟ್ ಉದ್ದ ಬರೆಯೋಕೆ ಒಂದು ಕಾಲಂ ಇದೆ, ಅಳೆಯೋವಾಗ ಗಾಡಿ ಹೇಗೆ ನಿಂತಿತ್ತು ಅಂತ ಬರೆಯೋಕೆ ಜಾಗ ಇಲ್ಲ. ಸೇರಿಸಿ ಅಂತ ಮ್ಯಾನೇಜರ್‌ಗೆ ಎರಡು ಸಲ ಹೇಳಾಯ್ತು, ಹಳೇ ಕಾರ್ಡ್ ಕಟ್ಟು ಮುಗೀಲಿ ಅಂತಾರೆ. ಅಲ್ಲೀವರೆಗೆ ಉದ್ದದ ಪಕ್ಕ ನಾನೇ ಪೆನ್ನಲ್ಲಿ "ಚಕ್ರ ನೆಲದ ಮೇಲೆ" ಅಂತ ಬರೀತಿದೀನಿ, ಹುಡುಗರೂ ಬರೀತಿದಾರೆ.