ಇನ್‌ಸ್ಟ್ರುಮೆಂಟೇಶನ್ ಲ್ಯಾಬ್‌ನ ಆ ಮರದ ಪೆಟ್ಟಿಗೆ

ಕಾಲೇಜ್ ಮ್ಯಾಗಜಿನ್‌ಗೆ ಏನಾದರೂ ಬರೆದುಕೊಡಿ ಎಂದು ನಾನು ಓದಿದ ವಿಭಾಗದಿಂದ ಫೋನ್ ಬಂತು. ಫೋನ್ ಇಟ್ಟ ತಕ್ಷಣ ನೆನಪಾಗಿದ್ದು ಲ್ಯಾಬ್‌ನ ಮೂಲೆಯಲ್ಲಿದ್ದ ಒಂದು ಮರದ ಪೆಟ್ಟಿಗೆ. ಹಳೆಯ ಬ್ಯಾಚಿನವರಿಗೆ ಅದು ಗೊತ್ತೇ ಇರುತ್ತದೆ.

ಪೆಟ್ಟಿಗೆಯ ಮುಂಭಾಗದಲ್ಲಿ ಒಂದು ಸ್ವಿಚ್, ಒಂದು ಕೆಂಪು ದೀಪ, ಒಂದು ಹಸಿರು ದೀಪ. ಒಳಗೆ ಒಂದು ಸಣ್ಣ ವಾಲ್ವ್, ಅದಕ್ಕೆ ನೀರಿನ ಪೈಪು. ನಮ್ಮ ಮೇಷ್ಟ್ರು ಒಬ್ಬೊಬ್ಬರನ್ನೇ ಕರೆದು ಸ್ವಿಚ್ ಒತ್ತಿಸುತ್ತಿದ್ದರು. ಹಸಿರು ದೀಪ ಹೊತ್ತಿಕೊಳ್ಳುತ್ತಿತ್ತು. "ವಾಲ್ವ್ ಹೇಗಿದೆ?" ಎಂದು ಕೇಳುತ್ತಿದ್ದರು. "ಮುಚ್ಚಿದೆ ಸಾರ್" ಎಂದು ನಾವು. ಇಡೀ ಕ್ಲಾಸು ಅದನ್ನೇ ಹೇಳಿ ಮುಗಿದ ಮೇಲೆ ಅವರು ಪೆಟ್ಟಿಗೆಯನ್ನು ನಮ್ಮ ಕಡೆ ತಿರುಗಿಸಿದರು. ಹಿಂದಿನಿಂದ ನೀರು ಧಾರೆಯಾಗಿ ಬಕೆಟ್‌ಗೆ ಬೀಳುತ್ತಿತ್ತು. ಸದ್ದು ಕೇಳಿಸದಿರಲಿ ಎಂದು ಬಕೆಟ್ ತಳಕ್ಕೆ ಬಟ್ಟೆ ಹಾಕಿಟ್ಟಿದ್ದರು! ದೀಪದ ವೈರು ಹೋಗಿದ್ದು ಸ್ವಿಚ್‌ಗೆ, ವಾಲ್ವ್‌ಗೆ ಅದರ ಸಂಬಂಧವೇ ಇರಲಿಲ್ಲ. "ಮುಚ್ಚು ಅಂತ ನೀವು ಹೇಳಿದ್ದು ದೀಪಕ್ಕೆ ಗೊತ್ತು. ಅದು ಮುಚ್ಚಿತಾ ಅಂತ ಯಾರು ನೋಡಿದ್ರಿ?" ಎಂದರು.

ಆಮೇಲೆ ಕುರ್ಚಿ ಎಳೆದುಕೊಂಡು ಕೂತು ತ್ರೀ ಮೈಲ್ ಐಲೆಂಡ್ ಎಂಬ ಅಣುವಿದ್ಯುತ್ ಸ್ಥಾವರದ ಕಥೆ ಹೇಳಿದರು. 1979ರ ಮಾರ್ಚ್ 28, ಬೆಳಗಿನ ಜಾವ 4 ಗಂಟೆ, ಅಮೆರಿಕದ ಪೆನ್ಸಿಲ್ವೇನಿಯಾ. ರಿಯಾಕ್ಟರ್‌ನ ಒತ್ತಡ ಇಳಿಸಲು ತೆರೆದುಕೊಂಡ ವಾಲ್ವ್ ಮತ್ತೆ ಮುಚ್ಚಿಕೊಳ್ಳಲಿಲ್ಲ. ಆದರೆ ಕಂಟ್ರೋಲ್ ರೂಮಿನ ದೀಪ ತೋರಿಸುತ್ತಿದ್ದದ್ದು ವಾಲ್ವ್‌ಗೆ ಹೋದ ಆಜ್ಞೆಯನ್ನು ಮಾತ್ರ. ಎರಡು ಗಂಟೆಗೂ ಜಾಸ್ತಿ ಹೊತ್ತು ಅಲ್ಲಿಂದ ನೀರು ಸೋರಿತು. ರಿಯಾಕ್ಟರ್‌ನಲ್ಲಿ ನೀರು ಕಡಿಮೆಯಾಗುತ್ತಿದ್ದರೂ, ಅದರ ಒತ್ತಡ ಕಾಯುವ ಪ್ರೆಶರೈಸರ್ ಎಂಬ ಟ್ಯಾಂಕಿನಲ್ಲಿ ನೀರಿನ ಮಟ್ಟ ಏರುತ್ತಿತ್ತು, ಅದು ಪೂರ್ತಿ ತುಂಬಲು ಬಿಡಲೇಬಾರದು ಎಂದು ಆಪರೇಟರ್‌ಗಳಿಗೆ ತರಬೇತಿಯಲ್ಲಿ ಒತ್ತಿ ಒತ್ತಿ ಹೇಳಿದ್ದರು, ಹಾಗಾಗಿ ನೀರು ಜಾಸ್ತಿಯಾಗಿದೆ ಎಂದುಕೊಂಡು ತಾನಾಗಿ ಬರುತ್ತಿದ್ದ ತುರ್ತು ನೀರನ್ನೇ ಅವರು ಕಡಿಮೆ ಮಾಡಿಬಿಟ್ಟರು. ಇಂಧನದ ಸುಮಾರು ಅರ್ಧ ಭಾಗ ಕರಗಿತು.

ನನಗೆ ಜಾಸ್ತಿ ನೋವಾಗಿದ್ದು ಇನ್ನೊಂದು ಮಾತಿಗೆ. ಸುಮಾರು ಒಂದೂವರೆ ವರ್ಷ ಮೊದಲು, 1977ರ ಸೆಪ್ಟೆಂಬರ್‌ನಲ್ಲಿ, ಒಹಾಯೋದ ಡೇವಿಸ್-ಬೆಸ್ಸೆ ಸ್ಥಾವರದಲ್ಲೂ ಹೀಗೇ ವಾಲ್ವ್ ತೆರೆದೇ ಉಳಿದಿತ್ತು. ಅಲ್ಲಿಯವರು ಬೇಗ ಗುರುತಿಸಿ ಸರಿಮಾಡಿಕೊಂಡರು. ಆ ಪಾಠ ತ್ರೀ ಮೈಲ್ ಐಲೆಂಡ್‌ನ ಆಪರೇಟರ್‌ಗಳ ತನಕ ಬರಲೇ ಇಲ್ಲ. ಅವರು ದಡ್ಡರಲ್ಲ, ಕಲಿಸಿದ್ದನ್ನು ಸರಿಯಾಗಿಯೇ ಮಾಡಿದ್ದರು. ಕಲಿಸಿದ್ದೇ ಅರ್ಧ ಆಗಿತ್ತು.

ಡಿಗ್ರಿ ಮುಗಿಸಿ ಅಣುವಿದ್ಯುತ್ ಸ್ಥಾವರಕ್ಕೆ ಸೇರಿದಾಗ, ಸೀದಾ ಕಂಟ್ರೋಲ್ ರೂಮಿಗೆ ಕೂರಿಸುತ್ತಾರೆ ಎಂದುಕೊಂಡಿದ್ದೆ. ಅಲ್ಲಿಗೆ ಹೋಗಲು ವರ್ಷಗಳೇ ಹಿಡಿದವು. ಮೊದಲು ಕ್ಲಾಸು: ರಿಯಾಕ್ಟರ್ ಫಿಸಿಕ್ಸ್, ನೀರಿನ ಕೆಮಿಸ್ಟ್ರಿ, ವಿಕಿರಣ ಸುರಕ್ಷತೆ. ಆಮೇಲೆ ಡ್ರಾಯಿಂಗ್ ಕೈಯಲ್ಲಿ ಹಿಡಿದು ಒಂದೊಂದು ಪೈಪನ್ನೂ ಕಾಲ್ನಡಿಗೆಯಲ್ಲಿ ಹಿಂಬಾಲಿಸುವ ಕೆಲಸ. ಈ ಪಂಪ್ ಎಲ್ಲಿಂದ ಕರೆಂಟ್ ತಗೊಳ್ಳುತ್ತದೆ, ಈ ವಾಲ್ವ್ ಕೈಯಿಂದ ತಿರುಗುತ್ತದಾ, ಕತ್ತಲಲ್ಲಿ ಇಲ್ಲಿಗೆ ಬರಬೇಕಾದರೆ ಯಾವ ದಾರಿ. ಒಂದೊಂದಕ್ಕೂ ಒಬ್ಬ ಹಿರಿಯ ಆಪರೇಟರ್ ಎದುರು ನಿಂತು ವಿವರಿಸಬೇಕು, ಅವರಿಗೆ ಒಪ್ಪಿಗೆಯಾದರೆ ಕಾರ್ಡಿಗೆ ಸಹಿ ಹಾಕುತ್ತಾರೆ, ಇಲ್ಲವಾದರೆ ಮತ್ತೆ ಹೋಗಿ ನೋಡಿ ಬರಬೇಕು.

ಸಿಮ್ಯುಲೇಟರ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಅದು ನಿಜವಾದ ಕಂಟ್ರೋಲ್ ರೂಮಿನ ತದ್ರೂಪು, ಪ್ರತಿ ಸ್ವಿಚ್ಚೂ ಅದೇ ಜಾಗದಲ್ಲಿ ಇರುತ್ತದೆ. ಗಾಜಿನ ಹಿಂದೆ ಕೂತ ಇನ್‌ಸ್ಟ್ರಕ್ಟರ್ ಯಾವಾಗ ಬೇಕಾದರೂ ಏನನ್ನಾದರೂ ಕೆಡಿಸಬಹುದು. ನಮ್ಮ ಮೊದಲ ದೊಡ್ಡ ಪರೀಕ್ಷೆಯಲ್ಲಿ ರಿಯಾಕ್ಟರ್ ಟ್ರಿಪ್ ಆಯಿತು, ಅಂದರೆ ತಟ್ಟನೆ ನಿಂತಿತು, ಒಂದರ ಹಿಂದೆ ಒಂದು ಅಲಾರಂ, ನನ್ನ ಕೈ ಬೆವರಿತ್ತು. ಟ್ರಿಪ್ ಆದರೆ ಮುಗಿಯಿತು ಎಂದು ಹೊರಗಿನವರು ಅಂದುಕೊಳ್ಳುತ್ತಾರೆ, ಅಲ್ವಾ? ಮುಗಿಯುವುದಿಲ್ಲ. ನಿಂತ ಕ್ಷಣದಲ್ಲೂ ಇಂಧನದಿಂದ ಮೊದಲಿನ ಶಾಖದ ಶೇ. 6ರಿಂದ 7ರಷ್ಟು ಬರುತ್ತಲೇ ಇರುತ್ತದೆ. 3000 ಮೆಗಾವಾಟ್ ಶಾಖ ಕೊಡುವ ರಿಯಾಕ್ಟರ್ ಆದರೆ ಸುಮಾರು 200 ಮೆಗಾವಾಟ್. ಗಂಟೆಗಳು ಕಳೆದಂತೆ ಕಡಿಮೆಯಾಗುತ್ತದೆ, ಆದರೆ ತಣ್ಣೀರು ಹರಿಯುತ್ತಲೇ ಇರಬೇಕು. 2011ರಲ್ಲಿ ಜಪಾನಿನ ಫುಕುಶಿಮಾ ಸ್ಥಾವರದಲ್ಲಿ ಸುನಾಮಿ ಬಂದು ಡೀಸೆಲ್ ಜನರೇಟರ್‌ಗಳು ನಿಂತುಹೋದಾಗ ಕೈಕೊಟ್ಟಿದ್ದು ಇದೇ, ತಣಿಸುವ ಕೆಲಸ.

ಆ ದಿನ ಒಂದು ವಾಲ್ವ್ "ಮುಚ್ಚಿದೆ" ಎಂದು ಪ್ಯಾನೆಲ್ ತೋರಿಸುತ್ತಿತ್ತು. ನನಗೆ ಬಕೆಟ್ಟಿನ ಬಟ್ಟೆ ನೆನಪಾಯಿತು. ವಾಲ್ವ್‌ನ ಆಚೆಗಿನ ಪೈಪಿನ ಉಷ್ಣಾಂಶ ನೋಡಿದೆ, ಏರುತ್ತಿತ್ತು. "ವಾಲ್ವ್ ಸೋರುತ್ತಿರಬಹುದು, ಪೈಪ್ ಬಿಸಿಯಾಗುತ್ತಿದೆ" ಎಂದು ಜೋರಾಗಿ ಹೇಳಿದೆ. ಶಿಫ್ಟ್ ಇನ್‌ಚಾರ್ಜ್ ಅದೇ ಮಾತನ್ನು ನನಗೆ ತಿರುಗಿ ಹೇಳಿದರು. "ಹೌದು, ಸರಿ" ಎಂದೆ. ನಮ್ಮಲ್ಲಿ ಪ್ರತಿ ಮಾತೂ ಹೀಗೆ ಮೂರು ಸಲ ಓಡಾಡುತ್ತದೆ: ಹೇಳುವುದು, ಕೇಳಿಸಿಕೊಂಡವರು ತಿರುಗಿ ಹೇಳುವುದು, ಸರಿ ಎನ್ನುವುದು. ಮೊದಮೊದಲು ಇದೇನು ಸುಮ್ನೆ ಅನ್ನಿಸುತ್ತಿತ್ತು. ಅಲಾರಂ ಕೂಗುವಾಗ ಇದರ ಬೆಲೆ ತಿಳಿಯುತ್ತದೆ.

ಲೈಸೆನ್ಸ್ ಸಿಕ್ಕ ಮೇಲೂ ಇದು ನಿಲ್ಲುವುದಿಲ್ಲ. ವರ್ಷ ವರ್ಷವೂ ಮತ್ತೆ ಸಿಮ್ಯುಲೇಟರ್, ಮತ್ತೆ ಪರೀಕ್ಷೆ.

ನನ್ನ ಜೂನಿಯರ್‌ಗಳು, ಅದರಲ್ಲೂ ಡಿಪ್ಲೊಮಾ ಮತ್ತು ಐಟಿಐ ಓದುವವರು, ಈ ಕ್ಷೇತ್ರ ವಿಜ್ಞಾನಿಗಳಿಗೆ ಮಾತ್ರ ಎಂದು ನನಗೆ ಬರೆಯುತ್ತಾರೆ. ಅದು ತಪ್ಪು. ಸ್ಥಾವರ ನಡೆಯುವುದು ವೆಲ್ಡರ್, ಫಿಟ್ಟರ್, ಎಲೆಕ್ಟ್ರಿಷಿಯನ್, ಕೆಮಿಸ್ಟ್, ವಿಕಿರಣ ಅಳೆಯುವವರು ಎಲ್ಲರಿಂದ. ವಿಕಿರಣ ಇರುವ ಜಾಗದಲ್ಲಿ ಒಂದು ಸೀಲ್ ಬದಲಾಯಿಸುವ ಕೆಲಸ ಎಂದುಕೊಳ್ಳಿ. ಮೊದಲು ಹೊರಗಡೆ ಅದೇ ಅಳತೆಯ ಮಾದರಿ ಇಟ್ಟು ಅಭ್ಯಾಸ ಮಾಡಿಸುತ್ತಾರೆ. ಅದೇ ಸೂಟು, ಅದೇ ಎರಡು ಜೊತೆ ಗ್ಲೌಸು, ಅದೇ ಮಾಸ್ಕು. ನಮ್ಮ ಫಿಟ್ಟರ್ ಒಬ್ಬರಿಗೆ ಮೊದಲ ದಿನ 20 ನಿಮಿಷ ಹಿಡಿದ ಕೆಲಸ ವಾರದ ಕೊನೆಗೆ 7 ನಿಮಿಷಕ್ಕೆ ಇಳಿದಿತ್ತು. ಸಮಯ ಮೂರನೇ ಒಂದಾದರೆ ಡೋಸೂ, ಅಂದರೆ ಮೈಗೆ ತಗಲುವ ವಿಕಿರಣವೂ, ಮೂರನೇ ಒಂದು. ಕೆಲಸಗಾರರಿಗೆ ಅಂತರರಾಷ್ಟ್ರೀಯ ಶಿಫಾರಸಿನ ಮಿತಿ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ಡೋಸ್ ಅಳೆಯುವ ಮಾನ). ಆದರೆ ಒಳ್ಳೆಯ ಫಿಟ್ಟರ್ ಮಿತಿಯ ಹತ್ತಿರಕ್ಕೂ ಹೋಗುವುದಿಲ್ಲ. ಆ ಕೈಚಳಕವನ್ನು ಪುಸ್ತಕ ಓದಿ ಕಲಿಯಲು ಆಗುವುದಿಲ್ಲ.

ಅದಕ್ಕೇ ನನಗೆ ಚಿಂತೆ. ಇವತ್ತು ಕಟ್ಟುವ ರಿಯಾಕ್ಟರ್ 60 ವರ್ಷ ಓಡಲಿ ಎಂದು ವಿನ್ಯಾಸ ಮಾಡುತ್ತಾರೆ, ಅಂದರೆ ಶುರುಮಾಡಿದವರು ನಿವೃತ್ತರಾಗಿ, ಅವರ ನಂತರ ಬಂದವರೂ ನಿವೃತ್ತಿಯ ಹತ್ತಿರ ಬಂದಿರುತ್ತಾರೆ. ಆ ಫಿಟ್ಟರ್ ಕಳೆದ ವರ್ಷ ನಿವೃತ್ತರಾದರು. ಅವರ ಜೊತೆ ಆರು ತಿಂಗಳು ಒಬ್ಬ ಹುಡುಗನನ್ನು ಓಡಾಡಿಸಿ ಎಂದು ನಾವು ಕೇಳಿಕೊಂಡಿದ್ದೆವು. ಸಿಕ್ಕಿದ್ದು ಎರಡು ವಾರ. ನನಗೆ ಇದು ಈಗಲೂ ಸರಿ ಅನ್ನಿಸಿಲ್ಲ.

ಲ್ಯಾಬ್ ಹೊಸ ಕಟ್ಟಡಕ್ಕೆ ಹೋಗುತ್ತಿದೆ ಎಂದು ಫೋನಿನಲ್ಲಿ ಹೇಳಿದರು. ಹಳೆಯ ಸಾಮಾನೆಲ್ಲ ಗುಜರಿಗೆ ಹೋಗುತ್ತದಂತೆ. ದಯವಿಟ್ಟು ಆ ಪೆಟ್ಟಿಗೆಯನ್ನು ಕೊಡಬೇಡಿ. ಅದರ ಹಸಿರು ದೀಪದ ಹೋಲ್ಡರ್ ನಮ್ಮ ಕಾಲಕ್ಕೇ ಸಡಿಲವಾಗಿತ್ತು, ವಾಲ್ವ್ ಕೂಡ ತುಕ್ಕು ಹಿಡಿದಿರಬಹುದು. ಎರಡನ್ನೂ ನಾನೇ ಬಂದು ರಿಪೇರಿ ಮಾಡಿಕೊಡುತ್ತೇನೆ. ಬಕೆಟ್ಟಿಗೆ ಹಾಕುವ ಬಟ್ಟೆಯನ್ನೂ ತರುತ್ತೇನೆ.