ಹಾಳೆ ತಟ್ಟೆಯ ಹೂ ಟೊಪ್ಪಿ

ಏಪ್ರಿಲ್ ಬಂತೆಂದರೆ ಕಟಪಾಡಿಯ ನನ್ನ ಟೈಲರ್ ಅಂಗಡಿಯಲ್ಲಿ ಮದುವೆ ಬ್ಲೌಸುಗಳ ರಾಶಿ. ಮುಂಬಯಿಯಿಂದ ಅಕ್ಕನ ಮಕ್ಕಳು ರಜೆಗೆ ಬರುವುದೂ ಆಗಲೇ. ಈ ಸಲ ದೊಡ್ಡವಳು ಮೊಬೈಲ್‌ನಲ್ಲಿ ಒಂದು ವಿಡಿಯೋ ತೋರಿಸಿದಳು. ಇಂಗ್ಲೆಂಡಿನ ಶಾಲೆಗಳಲ್ಲಿ ಈಸ್ಟರ್ ಹೊತ್ತಿಗೆ ಮಕ್ಕಳು ಹೂವಿನ ಟೊಪ್ಪಿ ಮಾಡಿ, ಹಾಕಿಕೊಂಡು ಮೆರವಣಿಗೆ ಹೋಗುತ್ತಾರೆ. ಪೇಪರ್ ಪ್ಲೇಟಿನ ನಡುಭಾಗ ಕತ್ತರಿಸಿ, ಕಾಗದದ ಡ್ಯಾಫೋಡಿಲ್ ಹೂ, ಹತ್ತಿಯ ಕೋಳಿಮರಿ ಅಂಟಿಸುವುದು.

“ಮಾಮ, ನಮಗೂ ಬೇಕು.”

ಪೇಪರ್ ಪ್ಲೇಟ್ ನನಗೆ ಒಪ್ಪಿಗೆಯಾಗಲಿಲ್ಲ. ನಮ್ಮ ಸೆಕೆಗೆ, ಬೆವರಿಗೆ ಅದು ಮೆತ್ತಗಾಗಿ ಕಿವಿ ಮೇಲೆ ಜೋತು ಬೀಳುತ್ತದೆ. ಮನೆಯಲ್ಲಿ ಪೂಜೆಗೆ ತಂದು ಉಳಿದ 12 ಇಂಚಿನ ಅಡಿಕೆ ಹಾಳೆ ತಟ್ಟೆಗಳಿದ್ದವು. ತೋಟದಲ್ಲಿ ಅಡಿಕೆ ಮರದಿಂದ ಸೋಗೆಯ ಜೊತೆ ಬಿದ್ದ ಹಾಳೆಯನ್ನು ತೊಳೆದು, ಬಿಸಿ ಅಚ್ಚಿನಲ್ಲಿ ಒತ್ತಿ ಮಾಡಿದ್ದು. ಗಟ್ಟಿ. ಹಾಳೆಯನ್ನು ತಲೆಗಿಡುವುದು ನಮ್ಮೂರಿಗೆ ಹೊಸತೂ ಅಲ್ಲ. ತೋಟ, ಗದ್ದೆಯ ಕೆಲಸದವರ ಟೊಪ್ಪಿ, ಮುಟ್ಟಾಳೆ, ಹಾಳೆಯದ್ದೇ ಅಲ್ವಾ? ಆದರೂ ಚಿಕ್ಕವನಿಗೆ ಸಂಶಯ. “ಇದರಲ್ಲಿ ಊಟ ಮಾಡೋದಲ್ವಾ?” ಅಂದ.

ವಿಡಿಯೋದವರು ಅಳತೆಯ ಸುದ್ದಿಯೇ ಎತ್ತುವುದಿಲ್ಲ. ಸುಮ್ನೆ ಒಂದು ಬಟ್ಟಲು ಕವುಚಿ ಗೆರೆ ಎಳೆಯುತ್ತಾರೆ. ಇದನ್ನೆಲ್ಲ ನೋಡಿದರೆ ನನಗೆ ಕೈ ತುರಿಸುತ್ತದೆ. ಹುಬ್ಬಿನ ಮೇಲಿಂದ ತಲೆ ಸುತ್ತ ಟೇಪ್ ಹಿಡಿಯಬೇಕು. ದೊಡ್ಡವಳದು 51 ಸೆಂ.ಮೀ. ಬಂತು. ಅದನ್ನು 3.14ರಿಂದ ಭಾಗಿಸಿದರೆ ಅಡ್ಡಳತೆ 16 ಸೆಂ.ಮೀ. ಹತ್ತಿರ. ಲೆಕ್ಕ ಅವಳಿಂದಲೇ ಮಾಡಿಸಿದೆ, ರಜೆಯಲ್ಲೂ ಗಣಿತವಾ ಅಂತ ಮುಖ ಊದಿಸಿಕೊಂಡಳು. ತಲೆ ಪೂರಾ ಗುಂಡಗಿರುವುದಿಲ್ಲ, ಹಿಂದೆ ಮುಂದೆ ಸ್ವಲ್ಪ ಉದ್ದ. ಗೆರೆಯೂ ಹಾಗೇ ಇರಲಿ. ಬೇಕಾದ್ದಕ್ಕಿಂತ ತುಸು ಸಣ್ಣಕ್ಕೆ ಕತ್ತರಿಸಿ, ತಲೆಗಿಟ್ಟು ನೋಡಿ, ಆಮೇಲೆ ಸವರಿಕೊಳ್ಳಿ. ತೂತು ದೊಡ್ಡದಾದರೆ ಮತ್ತೆ ಗತಿ ಇಲ್ಲ.

ಒಣ ಹಾಳೆ ನಾರಿನ ಉದ್ದಕ್ಕೆ ಸೀಳುತ್ತದೆ. ಅದಕ್ಕೆ ಗೆರೆಯ ಮೇಲೆ ಒದ್ದೆ ಬಟ್ಟೆ ಹಾಕಿಟ್ಟು, ಮೆತ್ತಗಾದ ಮೇಲೆ ಕತ್ತರಿಸಬೇಕು. ಮೊದಲ ತೂತು ದೊಡ್ಡವರೇ ಮಾಡಲಿ. ನನ್ನ ಬಟ್ಟೆ ಕತ್ತರಿಯನ್ನು ಮಾತ್ರ ಮಕ್ಕಳ ಕೈಗೆ ಕೊಡಲಿಲ್ಲ. ಹಾಳೆ, ಕಾಗದ ತಾಗಿದರೆ ಅದರ ಹರಿತ ಹೋಯಿತು. ಕತ್ತರಿಸಿದ ಅಂಚು ಹಣೆಗೆ ಗೀರುತ್ತದೆ. ಅಲ್ಲಿಗೆ ಬಟ್ಟೆಯ ಕ್ರಾಸ್ ಪಟ್ಟಿ ಕೊಟ್ಟೆ. ಓರೆಯಾಗಿ ಕತ್ತರಿಸಿದ ಬಟ್ಟೆ ಎಳೆದ ಹಾಗೆ ಬಗ್ಗುತ್ತದೆ, ದುಂಡನೆಯ ಅಂಚಿನಲ್ಲಿ ಸುಕ್ಕು ಬರುವುದಿಲ್ಲ. ದಬ್ಬಣದಲ್ಲಿ ಸುತ್ತ ತೂತು ಹಾಕಿಕೊಟ್ಟರೆ ನೂಲು ಪೋಣಿಸುವುದು ಮಕ್ಕಳ ಕೆಲಸ. ಮೇಲ್ಭಾಗ ಮುಚ್ಚಲಿಲ್ಲ. ಗಾಳಿಯಾಡಲಿ.

ಹೂವಿಗೆ ಬ್ಲೌಸಿನ ತುಂಡುಗಳೇ ಸಾಕು. ನಮ್ಮಲ್ಲಿ ಉಳಿದ ಬಟ್ಟೆ ವಾಪಸ್ ಕೇಳುವವರು ಜಾಸ್ತಿ, ಹಾಗಾಗಿ ಕೇಳಿಯೇ ತೆಗೆದಿಟ್ಟುಕೊಂಡಿದ್ದೆ. ತುಂಡಿನ ಹಿಂದೆ ಕಾಲರ್‌ಗೆ ಹಾಕುವ ಕ್ಯಾನ್ವಾಸ್ ಇಟ್ಟು ಇಸ್ತ್ರಿ ಒತ್ತಿದರೆ ಎಸಳು ಸೆಟೆದು ನಿಲ್ಲುತ್ತದೆ, ಅಂಚಿನ ನೂಲೂ ಬಿಡುವುದಿಲ್ಲ. ಡ್ಯಾಫೋಡಿಲ್ ಯಾರು ನೋಡಿದ್ದಾರೆ? ರಸ್ತೆ ಬದಿಯಲ್ಲಿ ಕಕ್ಕೆ ಮರ ಮೈತುಂಬ ಹಳದಿ ಬಿಟ್ಟಿತ್ತು. ಒಂದು ಗೊಂಚಲು ತಂದು ಎಸಳು ಎಣಿಸಿದೆವು. ಐದು. ಹಳದಿ ರೇಷ್ಮೆಯಲ್ಲಿ ಹಾಗೆಯೇ ಕತ್ತರಿಸಿ, ಅಂಚಿನಿಂದ ಇಳಿಬಿಟ್ಟೆವು. ನಿಜ ಹೂವೂ ಬೇಕೆಂದು ದೊಡ್ಡವಳ ಹಟ. ಅಂಗಳದ ಕೇಪಳವನ್ನು ಅಮ್ಮ ಒದ್ದೆ ಬಾಳೆ ನಾರಿನಲ್ಲಿ ಕಟ್ಟಿಕೊಟ್ಟರು, ಶಂಕರಪುರದಲ್ಲಿ ಮಲ್ಲಿಗೆ ಕಟ್ಟುವ ಹಾಗೆ. ಫೆವಿಕಾಲ್‌ಗೆ ಹಸಿ ಹೂ ನಿಲ್ಲುವುದಿಲ್ಲ.

ಚಿಕ್ಕವನಿಗೆ ಕೋಳಿಮರಿಯೂ ಬೇಡ, ಹೂವೂ ಬೇಡ. ಮಟ್ಟು ಬೀಚಿನಲ್ಲಿ ಏಡಿ ನೋಡಿ ಬಂದಿದ್ದ, ಟೊಪ್ಪಿಯ ಮೇಲೆ ಏಡಿಯೇ ಆಗಬೇಕಂತೆ. ಕೆಂಪು ಜರಿ ತುಂಡಿನಲ್ಲಿ ಮಾಡಿಕೊಟ್ಟೆ. ಕಾಲು ಎಂಟೋ ಹತ್ತೋ ಅಂತ ಅಕ್ಕ ತಮ್ಮನಿಗೆ ಜಗಳ. ಮುಂದಿನ ಎರಡು ಕೊಂಡಿಯನ್ನೂ ಸೇರಿಸಿದರೆ ಹತ್ತು ಅಂತ ಅಮ್ಮ ಅಡುಗೆಮನೆಯಿಂದಲೇ ತೀರ್ಪು ಕೊಟ್ಟರು.

ಗಲ್ಲದ ಕೆಳಗೆ ತೆಳು ಎಲಾಸ್ಟಿಕ್ ಹಾಕಿ, ಬಿಗಿಯಾಗುವುದು ಬೇಡ. ಟೊಪ್ಪಿ ಇಟ್ಟುಕೊಳ್ಳುವುದಾದರೆ ಕೇಪಳ ತೆಗೆದು ಒಂದು ದಿನ ಬಿಸಿಲಿಗಿಡಿ, ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಿಡಬೇಡಿ. ಜೂನ್‌ನಲ್ಲಿ ನಮ್ಮ ಮಳೆ ಹಿಡಿದರೆ ಹಾಳೆಗೆ ಬೂಸ್ಟು ಬರಲು ಹೆಚ್ಚು ದಿನ ಬೇಡ.